ಕಿಟ್ ತಲುಪಿತು, ಮಗುವನ್ನು ನೋಡಿದಿರಾ?

ಪ್ರಶ್ನೆ: ನಮ್ಮದು ಸಣ್ಣ ಟ್ರಸ್ಟ್. 9 ಸಿಬ್ಬಂದಿ, 180 ಕುಟುಂಬ. ಕೊರೊನಾ ಕಾಲದಲ್ಲಿ ಬಿಡುವಿಲ್ಲದೆ ರೇಷನ್ ಕಿಟ್ ಹಂಚಿದೆವು. ಲಾಕ್‌ಡೌನ್ ಮುಗಿದ ಮೇಲೆ ನೋಡಿದರೆ ಕೆಲವು ಹುಡುಗಿಯರ ಮದುವೆ ಆಗಿಹೋಗಿತ್ತು, ಹುಡುಗರು ಕೂಲಿಗೆ ಸೇರಿದ್ದರು. ಮತ್ತೆ ಅಂಥ ಕಾಲ ಬಂದರೆ ಮೊದಲು ಏನು ಮಾಡಬೇಕು?
– ಕಾರ್ಯದರ್ಶಿ, ಜಗಳೂರು

ಉತ್ತರ: ಕಿಟ್ ಹಂಚುವಾಗ ದೊಡ್ಡವರು ಬಂದು ಸಹಿ ಹಾಕಿ ಚೀಲ ಒಯ್ಯುತ್ತಾರೆ. ಮಗು ಎಲ್ಲಿದೆ ಎಂದು ಆ ಸಹಿ ಹೇಳುವುದಿಲ್ಲ. ಆದ್ದರಿಂದ ಮೊದಲ ದಿನವೇ ಕೂತು ಕುಟುಂಬಗಳನ್ನು ಮೂರು ಗುಂಪು ಮಾಡಿ. ಹಿಂದೆ ಹೊಡೆತ ಬಡಿತ ಇದ್ದ ಮನೆ, 13ರಿಂದ 17ರ ಹುಡುಗಿ ಇರುವ ಮನೆ, ಮಗು ಅಜ್ಜಿಯ ಜೊತೆ ಮಾತ್ರ ಇರುವ ಮನೆ, ತೂಕ ಕಡಿಮೆ ಇರುವ ಐದರೊಳಗಿನ ಮಗುವಿನ ಮನೆ – ಇವು ಕೆಂಪು. ಉಳಿದವುಗಳಲ್ಲಿ ಸ್ವಲ್ಪ ಆತಂಕ ಇರುವವು ಹಳದಿ, ಆತಂಕ ಇಲ್ಲದವು ಹಸಿರು. ಇವಕ್ಕೆ ವಾರಕ್ಕೆ 2 ಫೋನ್, 1 ಭೇಟಿ. ಹಳದಿಗೆ ವಾರಕ್ಕೊಂದು ಫೋನ್, ಹಸಿರಿಗೆ ಹದಿನೈದು ದಿನಕ್ಕೊಂದು. ಕೆಂಪು 30, ಹಳದಿ 60, ಹಸಿರು 90 ಎಂದುಕೊಂಡರೆ ವಾರಕ್ಕೆ 165 ಫೋನ್, 30 ಭೇಟಿ. ಕ್ಷೇತ್ರಕ್ಕೆ 7 ಜನ ಇದ್ದರೆ ತಲಾ 24 ಫೋನ್, ನಾಲ್ಕೈದು ಭೇಟಿ. ಕಿಟ್ ಕೆಲಸದ ಜೊತೆಗೂ ಇದು ಆಗುವ ಮಾತು.

ಎಡವುವುದು ಫೋನಿನಲ್ಲಿ. ಬಹಳ ಮನೆಗಳಲ್ಲಿ ಫೋನ್ ಗಂಡಸರ ಕೈಯಲ್ಲಿರುತ್ತದೆ, ಸ್ಪೀಕರ್ ಹಾಕಿರುತ್ತಾರೆ. 'ಹೂಂ', 'ಇಲ್ಲ' ಎಂದಷ್ಟೇ ಹೇಳಿದರೆ ಸಾಕಾಗುವಂತೆ ಪ್ರಶ್ನೆ ಕೇಳಿ. ತಾಯಿಯ ಜೊತೆ ಮೊದಲೇ ಒಂದು ಗುರುತಿನ ಮಾತು ಗೊತ್ತುಮಾಡಿಕೊಂಡಿರಿ. 'ಆಧಾರ್ ಜೆರಾಕ್ಸ್ ಕೊಡೋದಿತ್ತು' ಎಂದರೆ ಇವತ್ತೇ ಬನ್ನಿ ಎಂದರ್ಥ. ರೀಚಾರ್ಜ್ ಮುಗಿದರೆ ನಂಬರ್ ಸತ್ತುಹೋಗುತ್ತದೆ; ಪಕ್ಕದ ಮನೆಯದೋ ಆಶಾ ಕಾರ್ಯಕರ್ತೆಯದೋ ಇನ್ನೊಂದು ನಂಬರ್ ಬರೆದಿಡಿ.

ಭೇಟಿ ಒಳಗೆ ಬೇಡ, ಕಟ್ಟೆಯ ಮೇಲೆ, ಮಾಸ್ಕ್ ಹಾಕಿ, ದೂರ ಕೂತು ಹತ್ತು ನಿಮಿಷ. ಮಗು ತಾನೇ ಮಾತಾಡಬೇಕು. 6 ತಿಂಗಳಿಂದ 5 ವರ್ಷದ ಮಕ್ಕಳಿರುವ ಮನೆಗೆ, ಅಪೌಷ್ಟಿಕತೆ ತಿಳಿಯಲು ರಟ್ಟೆ ಅಳೆಯುವ ಪಟ್ಟಿಯನ್ನು ಒಂದೊಂದು ಕೊಟ್ಟುಬಿಡಿ, ಮನೆಯಿಂದ ಮನೆಗೆ ಒಂದೇ ಪಟ್ಟಿ ತಿರುಗಬಾರದು. ಎಡಗೈ ಸಡಿಲ ಬಿಟ್ಟು, ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ತಾಯಿಯೇ ಸುತ್ತಲಿ. ಬಿಗಿದು ಎಳೆದರೆ ಅಳತೆ ಕಡಿಮೆ ಬರುತ್ತದೆ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಅಂದೇ ಅಂಗನವಾಡಿ ಕಾರ್ಯಕರ್ತೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ.

'ಹುಡುಗಿ ಅಜ್ಜಿ ಮನೆಗೆ ಹೋಗ್ಯಾಳೆ' ಎಂದು ಎರಡು ಸಲ ಕೇಳಿಬಂದರೆ ಅಜ್ಜಿಯ ಊರು, ನಂಬರ್ ಕೇಳಿ, ಅವಳ ದನಿ ಕೇಳುವವರೆಗೆ ಬಿಡಬೇಡಿ. ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಮತ್ತು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ಕೂಡಲೇ ಹೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಅದನ್ನು ಮೀರಿ ಮಾಡಿದ ಮದುವೆ ಅಸಿಂಧು.

ಪ್ರಶ್ನೆ: ತಂದೆ ತಾಯಿ ಇಬ್ಬರೂ ತೀರಿಹೋದ ಕೂಸನ್ನು ಮಕ್ಕಳಿಲ್ಲದ ಒಳ್ಳೆಯ ದಂಪತಿಗೆ ಕೊಡಲು ಬಂಧುಗಳು ಒಪ್ಪಿದ್ದಾರೆ. ಸಂಸ್ಥೆ ನಡುವೆ ನಿಂತು ಮಾಡಿಸಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಕೂಡದು. ನಿಮ್ಮ ಮನಸ್ಸು ಎಷ್ಟೇ ಒಳ್ಳೆಯದಿರಲಿ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇದು ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ದಂಡ, ಅಥವಾ ಎರಡೂ. 2021ರಲ್ಲಿ ವಾಟ್ಸಾಪ್‌ನಲ್ಲಿ ಹರಿದಾಡಿದ 'ಅನಾಥ ಕೂಸು, ದತ್ತು ಬೇಕಾದವರು ಕರೆ ಮಾಡಿ' ಎಂಬ ಸಂದೇಶಗಳು ಮಕ್ಕಳ ಮಾರಾಟಕ್ಕೂ ದಾರಿಯಾಗಬಲ್ಲವು. ಕೂಸು ನಿಮ್ಮ ಕೈಗೆ ಬಂದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ಅಜ್ಜಿಯೋ ಚಿಕ್ಕಮ್ಮನೋ ಸಾಕುವುದಾದರೆ ಸಮಿತಿಯ ಮುಂದೆ ಹಾಗೆಂದು ಹೇಳಿ, ಮಗುವನ್ನು ಮನೆಯಲ್ಲೇ ಸಾಕಲು ಸರ್ಕಾರ ಕೊಡುವ ನೆರವಾದ ಪ್ರಾಯೋಜಕತ್ವಕ್ಕೂ ಅರ್ಜಿ ಹಾಕಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂ. ಇದೆ, ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000 ರೂ. ಮರಣ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ಸೋಂಕಿನ ವರದಿ – ಒಂದನ್ನೂ ಎಸೆಯಲು ಬಿಡಬೇಡಿ. ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ದಾನಿಗಳು ಕಿಟ್‌ಗೆ ಕೊಡುತ್ತಾರೆ, ಸಂಬಳಕ್ಕೆ ಕೊಡುವುದಿಲ್ಲ. ಹೇಗೆ?
– ಓದುಗರು, ದಾವಣಗೆರೆ

ಉತ್ತರ: 'ಸಂಬಳ' ಎಂದು ಕೇಳಬೇಡಿ, 'ಒಂದು ಕೆಂಪು ಮನೆಯನ್ನು ಒಂದು ತಿಂಗಳು ನೋಡಿಕೊಳ್ಳುವ ಖರ್ಚು' ಎಂದು ಲೆಕ್ಕ ಮಾಡಿ ಕೇಳಿ. ಅದು ಸುಳ್ಳಲ್ಲ, ನಿಮ್ಮ ಕೆಲಸವೇ ಅದು. ಕಿಟ್‌ಗೆಂದು ಬಂದ ಹಣವನ್ನು ಬೇರೆಯದಕ್ಕೆ ಬಳಸುವುದಿದ್ದರೆ ದಾನಿಯ ಒಪ್ಪಿಗೆ ಬರಹದಲ್ಲಿರಲಿ. ವಿದೇಶಿ ದೇಣಿಗೆಯಾದರೆ, ಅದರ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆಡಳಿತ ಖರ್ಚಿಗೆ ಶೇ. 20 ಮಾತ್ರ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನೆಮ್ಮದಿಯ ವರ್ಷಗಳಲ್ಲಿ ಆದಾಯದ ಶೇ. 15ರವರೆಗೆ ಉಳಿಸಲು ಆದಾಯ ತೆರಿಗೆ ಕಾನೂನು ಬಿಡುತ್ತದೆ. ಮೂರು ತಿಂಗಳ ಸಂಬಳ ಆಗುವವರೆಗೆ ಅದನ್ನು ಮುಟ್ಟಬೇಡಿ. ಬ್ಯಾಂಕಿನಲ್ಲಿ ಸಹಿ ಹಾಕುವವರು ಇಬ್ಬರೇ ಇದ್ದರೆ ಇಂದೇ ಮೂರನೆಯವರನ್ನು ಸೇರಿಸಿ. ಒಬ್ಬರು ಆಸ್ಪತ್ರೆ ಸೇರಿದರೂ ಚೆಕ್ ನಿಲ್ಲುತ್ತದೆ, ಹಾಲಿನ ಪುಡಿಯೂ ನಿಲ್ಲುತ್ತದೆ.