ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ಅಕ್ಕಾ, ನಮ್ಮದು ಮಂಡ್ಯ. ನನಗೆ 39 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂರು ವರ್ಷದ ಹಿಂದೆ ಸ್ಕೂಟರ್‌ನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಆಪರೇಷನ್ ಆಯಿತು. ಗಾಯ ಮಾಯಿತು, ನೋವು ಮಾತ್ರ ಹೋಗಲಿಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೂ ಕಾದ ತಂತಿ ಎಳೆದ ಹಾಗೆ ಉರಿ. ಸ್ಕ್ಯಾನಿಂಗ್‌ನಲ್ಲಿ ಈಗ ಅಂಥದ್ದೇನೂ ಇಲ್ಲವಂತೆ. ಒಂದೂವರೆ ವರ್ಷದಿಂದ ಮೈಸೂರಿನ ಡಾಕ್ಟರ್ ಬರೆದುಕೊಟ್ಟ ಪ್ರಿಗ್ಯಾಬಲಿನ್, ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ನುಂಗಿಯೇ ಮಿಷನ್ ಮುಂದೆ ಕೂರುತ್ತಿದ್ದೇನೆ. ನಮ್ಮತ್ತೆ ನೆಂಟರ ಮುಂದೆ ‘ಇವಳಿಗೆ ಗುಳಿಗೆ ಚಟ ಹತ್ತದೆ ಕಣವ್ವ’ ಅನ್ನುತ್ತಾರೆ. ನಾದಿನಿ ಮೊಬೈಲ್‌ನಲ್ಲಿ ಹುಡುಕಿ, ಇದು ಫಿಟ್ಸ್ ಬರೋರ ಮಾತ್ರೆ ಅಂದಳು. ಮುಂದಿನ ತಿಂಗಳು ಅವಳ ನಿಶ್ಚಿತಾರ್ಥ. ‘ಗಂಡಿನ ಕಡೆಯವರಿಗೆ ಗೊತ್ತಾದ್ರೆ ಏನಂದ್ಕೋತಾರೆ, ಅಷ್ಟರೊಳಗೆ ಎಲ್ಲಾ ಬಿಟ್ಟುಬಿಡು’ ಅಂತ ನಮ್ಮನೆಯವರು ಸ್ಟ್ರಿಪ್‌ಗಳನ್ನೆಲ್ಲ ಎತ್ತಿಟ್ಟರು. ನಾಲ್ಕು ದಿನ ಬಿಟ್ಟೆ. ಬೆವರು, ನಡುಕ, ಭೇದಿ, ನಿದ್ದೆ ಇಲ್ಲ. ನಾಲ್ಕನೇ ರಾತ್ರಿ ತಡೆಯಲಾರದೆ, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದನ್ನು ತೆಗೆದು ನುಂಗಿದೆ. ಹಾಗಾದರೆ ಅತ್ತೆ ಹೇಳಿದ್ದೇ ನಿಜವಾ? ನನಗೆ ಚಟ ಹತ್ತಿದೆಯಾ? ಒಂದೊಂದು ಸಲ, ಹೀಗೆ ಇದ್ದೂ ಏನು ಪ್ರಯೋಜನ ಅನ್ನಿಸುತ್ತದೆ.

– ಹೆಸರು ಬೇಡ, ಮಂಡ್ಯ

(ಎಂಟು ಪುಟದ ಕಾಗದವನ್ನು ಇಷ್ಟಕ್ಕೆ ಇಳಿಸಿದ್ದೇನೆ. ಉಳಿದದ್ದನ್ನು ಉತ್ತರದಲ್ಲಿ ಅಲ್ಲಲ್ಲಿ ಹೇಳುತ್ತೇನೆ.)

ತಂಗಿ,

ಮೊದಲು ಆ ನಾಲ್ಕು ದಿನದ ಮಾತು. ನಿಮಗಾದ ಬೆವರು, ನಡುಕ, ಭೇದಿ ಚಟದ ಸಾಕ್ಷಿ ಅಲ್ಲ. ಟ್ರಮಡಾಲ್ ಅನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಯಾರಿಗಾದರೂ ಹೀಗಾಗಬಹುದು. ಮೈ ಆ ಔಷಧಿಗೆ ಒಗ್ಗಿಕೊಂಡಿರುತ್ತದೆ, ತಟ್ಟನೆ ಕಿತ್ತುಕೊಂಡರೆ ತಿರುಗಿ ಬೀಳುತ್ತದೆ. ಪ್ರಿಗ್ಯಾಬಲಿನ್ ಕೂಡ ಹಾಗೆಯೇ. ಅದನ್ನು ದಿಢೀರ್ ನಿಲ್ಲಿಸಿದರೆ ಕೆಲವರಿಗೆ ನಿಜವಾಗಿಯೇ ಫಿಟ್ಸ್ ಬರುವ ಸಾಧ್ಯತೆ ಇದೆ. ನಿಮ್ಮ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಎತ್ತಿಟ್ಟರು ಅಂದುಕೊಳ್ಳೋಣ. ಆದರೆ ಅವರು ಮಾಡಿದ್ದು ಅಪಾಯದ ಕೆಲಸ. ಇದನ್ನು ಅವರಿಗೆ ಓದಿ ಹೇಳಿ.

ಇನ್ನೊಂದು ಮಾತು, ಇದು ಇವತ್ತೇ ಆಗಬೇಕಾದದ್ದು. ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿದ್ದೀರಿ. ಹಳೇ ಲೆಕ್ಕದಲ್ಲೇ ನುಂಗಬಹುದಾ, ಕಡಿಮೆಯಿಂದ ಶುರು ಮಾಡಬೇಕಾ ಅಂತ ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡಿ ಕೇಳಿ. ನಾನು ಆಪ್ತ ಸಮಾಲೋಚಕಿ, ಡಾಕ್ಟರ್ ಅಲ್ಲ. ಡೋಸಿನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ, ನಿಮ್ಮ ನಾದಿನಿಯ ಮೊಬೈಲೂ ಹಾಕಬಾರದು.

ಆ ಹುಡುಗಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪ್ರಿಗ್ಯಾಬಲಿನ್ ಫಿಟ್ಸ್‌ಗೂ ಕೊಡುವ ಔಷಧಿ. ನರದ ನೋವಿಗೂ ಅದನ್ನೇ ಕೊಡುತ್ತಾರೆ. ಜಾಸ್ತಿ ಕೆರಳಿದ ನರವನ್ನು ತಣ್ಣಗೆ ಮಾಡುವುದು ಅದರ ಕೆಲಸ. ಆ ಕೆರಳಿಕೆ ಮಿದುಳಿನದೂ ಆಗಿರಬಹುದು, ಕಾಲಿಗೆ ಹೋಗುವ ನರದ್ದೂ ಆಗಿರಬಹುದು. ಒಂದೇ ಸುತ್ತಿಗೆಯಲ್ಲಿ ಬಾಗಿಲೂ ಜೋಡಿಸುತ್ತಾರೆ, ಬೆಲ್ಲದ ಅಚ್ಚೂ ಒಡೆಯುತ್ತಾರೆ. ನಿಮಗೆ ಫಿಟ್ಸ್ ಇಲ್ಲ. ಇದ್ದಿದ್ದರೂ ಅದು ನಾದಿನಿಯ ಸಂಬಂಧಕ್ಕೆ ಅಡ್ಡ ಬರುವ ಕಳಂಕ ಅಲ್ಲ, ಅದು ಬೇರೆ ಮಾತು.

ಹಾಗಾದರೆ ಚಟ ಅಂದರೆ ಏನು? ಔಷಧಿಯಿಂದ ಬದುಕು ನಡೆಯುತ್ತಿದೆಯಾ, ಬದುಕೆಲ್ಲಾ ಔಷಧಿಯ ಸುತ್ತ ತಿರುಗುತ್ತಿದೆಯಾ, ಇಷ್ಟನ್ನು ಕೇಳಿಕೊಳ್ಳಿ. ನೀವು ಮಾತ್ರೆ ನುಂಗಿ ಮಿಷನ್ ಮುಂದೆ ಕೂರುತ್ತೀರಿ, ಮಗನನ್ನು ಸ್ಕೂಲಿಗೆ ಕಳಿಸುತ್ತೀರಿ, ಗಿರಾಕಿಗೆ ಹೇಳಿದ ದಿನಕ್ಕೆ ಬ್ಲೌಸ್ ಕೊಡುತ್ತೀರಿ. ಚಟಕ್ಕೆ ಬಿದ್ದವರಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಆಗುತ್ತದೆ. ಒಂದೊಂದೇ ಕೆಲಸ ಕಳಚಿಕೊಂಡು, ಕೊನೆಗೆ ಮಾತ್ರೆ ಹುಡುಕುವುದೊಂದೇ ಉಳಿಯುತ್ತದೆ.

ಹಾಗಂತ ನಿಮಗೆ ಸುಮ್ನೆ ಸಮಾಧಾನ ಹೇಳಿ ಕಳಿಸುವುದಿಲ್ಲ. ಆರನೇ ಪುಟದಲ್ಲಿ ಎರಡು ಸಾಲು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅಣ್ಣನ ಮನೆ ಗೃಹಪ್ರವೇಶದ ದಿನ ಒಂದು ಜಾಸ್ತಿ ನುಂಗಿದ್ದು. ಜಗಳ ಆದ ರಾತ್ರಿ, ನೋವಿಗಲ್ಲ, ‘ತಲೆ ಖಾಲಿಯಾಗಿ ನಿದ್ದೆ ಬರಲಿ’ ಅಂತ ಒಂದು ನುಂಗಿದ್ದು. ಮೊದಲನೆಯದನ್ನು ಡಾಕ್ಟರಿಗೆ ಹೇಳಿ. ಎರಡನೆಯದನ್ನು ಹೇಳಲೇಬೇಕು. ಟ್ರಮಡಾಲ್ ಜನ ದಾರಿ ತಪ್ಪಿ ಬಳಸುವ ಮಾತ್ರೆ ಹೌದು. ನೋವಿನ ಮಾತ್ರೆಯನ್ನು ಮನಸ್ಸಿನ ನೋವಿಗೆ ನುಂಗುವ ದಿನಗಳು ಹೆಚ್ಚಾದರೆ ಅಲ್ಲಿಂದ ಜಾರುವುದು ಸುಲಭ. ಈ ಎರಡು ಮಾತ್ರೆಗಳ ಮೇಲೆ ನಿದ್ದೆ ಮಾತ್ರೆಯೋ ಹೆಂಡವೋ ಸೇರಿದರೆ ಉಸಿರೇ ನಿಧಾನವಾಗಬಹುದು. ಒಂದು ರಾತ್ರಿ ಹೀಗಾಯಿತು ಅಂತ ಹೇಳಿದರೆ ಒಳ್ಳೆಯ ಡಾಕ್ಟರ್ ಬೈಯುವುದಿಲ್ಲ. ಬೈದರೆ ಡಾಕ್ಟರ್ ಬದಲಾಯಿಸಿ, ಮಾತು ನುಂಗಬೇಡಿ.

ಮೆಡಿಕಲ್ ಶಾಪ್‌ನವರ ವಿಷಯ. ಪ್ರತಿ ಸಲ ಚೀಟಿ ಕೇಳುತ್ತಾರೆ, ಮೇಲಿಂದ ಕೆಳಗೆ ನೋಡುತ್ತಾರೆ ಅಂತ ಬರೆದಿದ್ದೀರಿ. ಚೀಟಿ ಕೇಳುವುದಕ್ಕೆ ಕಾರಣ ಇದೆ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಅನ್ನು ಮಾದಕ ವಸ್ತುಗಳ ಕಾಯ್ದೆಯ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿದರು. ಆಮೇಲೆ ಅದನ್ನು ಚೀಟಿ ಇಲ್ಲದೆ ಕೊಟ್ಟರೆ ಅಂಗಡಿಯವರ ಕುತ್ತಿಗೆಗೆ ಬರುತ್ತದೆ. ನೋವಿನ ಮಾತ್ರೆ ಅಕ್ರಮವಾಗಿ ಮಾರುತ್ತಿದ್ದವರನ್ನು ಹಿಡಿದ ಸುದ್ದಿಯೂ ಪೇಪರಿನಲ್ಲಿ ಆಗಾಗ ಬರುತ್ತದೆ. ಅದನ್ನು ಓದಿದವರಿಗೆ ನಿಮ್ಮ ಕೈಯಲ್ಲಿರುವ ಸ್ಟ್ರಿಪ್ಪೂ ಹಾಗೇ ಕಾಣುತ್ತದೆ. ಆದರೆ ಅದೇ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಮಾರ್ಫಿನ್‌ನಂಥ ಔಷಧಿ ನೋವಿರುವ ರೋಗಿಗೆ ಸುಲಭವಾಗಿ ಸಿಗುವ ಹಾಗೆ ಮಾಡಿದ್ದೂ ಸರ್ಕಾರವೇ. ಕಾನೂನಿಗೂ ಗೊತ್ತು, ಎಲ್ಲರೂ ನಶೆಗೆ ನುಂಗುವುದಿಲ್ಲ ಅಂತ. ಚೀಟಿ ಕೇಳುವುದು ಅಂಗಡಿಯವರ ಕೆಲಸ. ಐದು ಜನರ ಮುಂದೆ ‘ಮತ್ತೆ ಬಂದ್ರಾ?’ ಅನ್ನುವುದು ಅವರ ಕೆಲಸ ಅಲ್ಲ. ಒಂದೇ ಡಾಕ್ಟರ್, ಒಂದೇ ಅಂಗಡಿ ಇಟ್ಟುಕೊಳ್ಳಿ. ಆ ಅಂಗಡಿ ಇದೇ ಆಗಬೇಕು ಅಂತೇನೂ ಇಲ್ಲ.

ಈಗ ನಿಮ್ಮ ಅತ್ತೆಯವರ ಮಂಡಿ ನೋವಿಗೆ ಬರುತ್ತೇನೆ. ನೀವು ಅದನ್ನು ಹಾಗೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅವರು ನಾಲ್ಕು ವರ್ಷದಿಂದ ದಿನಾ ಡೈಕ್ಲೋಫೆನಾಕ್ ನುಂಗುತ್ತಾರೆ, ಚೀಟಿ ಇಲ್ಲ, ಅಂಗಡಿಗೆ ಮೊಮ್ಮಗನನ್ನು ಕಳಿಸಿ ತರಿಸುತ್ತಾರೆ. ನಿಮಗೂ ನೋವು ಜಾಸ್ತಿ ಆದ ದಿನ ತಮ್ಮದರಲ್ಲೇ ಒಂದು ಕೊಡುತ್ತಾರೆ, ‘ಇದ್ರಿಂದ ಏನೂ ಆಗಲ್ಲ ತಗೋ’ ಅಂತ. ತಂಗಿ, ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಈ ಸಾಲು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ಒಂದೇ ಗುಂಪು. ನಾಲ್ಕು ದಿನಕ್ಕೆ ಒಳ್ಳೆಯ ಔಷಧಿ. ವರ್ಷಗಟ್ಟಲೆ ದಿನಾ ಹೋದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಸದ್ದಿಲ್ಲದೆ ಕಿಡ್ನಿ ಕೆಡಿಸಬಹುದು. ಬೆಂಗಳೂರಿಗೆ ಹೋಗುವಾಗ ರಾಮನಗರದ ರಾಮದೇವರ ಬೆಟ್ಟ ನೋಡಿರುತ್ತೀರಿ, ರಣಹದ್ದುಗಳ ಧಾಮ ಇರುವುದು ಅಲ್ಲಿ. ನಮ್ಮ ದೇಶದಲ್ಲಿ ರಣಹದ್ದುಗಳು ನಿರ್ನಾಮ ಆಗುವಷ್ಟು ಸತ್ತದ್ದು ಇದೇ ಡೈಕ್ಲೋಫೆನಾಕ್‌ನಿಂದ. ಅದನ್ನು ಕೊಟ್ಟಿದ್ದ ದನ ಸತ್ತಾಗ ಹೆಣ ತಿಂದ ಹಕ್ಕಿಗಳ ಕಿಡ್ನಿ ಹೋಯಿತು. 2006ರಲ್ಲಿ ದನಗಳಿಗೆ ಕೊಡುವ ಡೈಕ್ಲೋಫೆನಾಕ್ ನಿಲ್ಲಿಸಿದರು. ಮನುಷ್ಯರು ರಣಹದ್ದಲ್ಲ, ನಾವು ಅಷ್ಟು ಬೇಗ ಸಾಯುವುದಿಲ್ಲ. ಆದರೂ ಅತ್ತೆಯವರಿಗೆ ಒಂದು ಸಲ ಕ್ರಿಯೇಟಿನಿನ್ ಅನ್ನುವ, ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ.

ನೋಡಿ, ಡಾಕ್ಟರ್ ಲೆಕ್ಕ ಇಟ್ಟು ಕೊಡುವ ಮಾತ್ರೆಗೆ ಚಟ ಅಂತ ಹೆಸರು, ಲೆಕ್ಕವೇ ಇಲ್ಲದೆ ನುಂಗುವುದಕ್ಕೆ ಮನೆಮದ್ದಿನ ಮರ್ಯಾದೆ. ಕಬ್ಬು ಕಡಿದು ಬಂದು ಮೈಕೈ ನೋವು ಅಂತ ಸಂಜೆ ಕ್ವಾರ್ಟರ್ ಹಾಕುವವರನ್ನು ‘ಪಾಪ, ದುಡಿಯೋ ಜೀವ’ ಅನ್ನುತ್ತೇವೆ. ದುಡಿಯುವ ಸೊಸೆ ಮಾತ್ರೆ ನುಂಗಿದರೆ ಎಣಿಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ’ ಅನ್ನುವ ಮಾತು ನಿಮ್ಮನ್ನು ತುಂಬಾ ಕಾಡಿದೆ. ಸ್ಕ್ಯಾನಿಂಗ್ ಮೂಳೆ, ಡಿಸ್ಕ್, ನರದ ಮೇಲಿನ ಒತ್ತಡ ತೋರಿಸುತ್ತದೆ. ನೋವನ್ನು ತೋರಿಸುವುದಿಲ್ಲ. ಡಿಸ್ಕ್ ಉಬ್ಬಿದ್ದರೂ ನೋವೇ ಇಲ್ಲದೆ ಓಡಾಡುವವರು ಎಷ್ಟೋ ಜನ. ಚಿತ್ರ ಚೆನ್ನಾಗಿದ್ದೂ ನರಳುವವರೂ ಇದ್ದಾರೆ. ಒಂದು ಸಲ ಮನೆಗೆ ಕಳ್ಳ ನುಗ್ಗಿ ಹೋದ ಮೇಲೆ ಕೆಲವು ನಾಯಿಗಳು ಹಾಗಾಗುತ್ತವೆ, ತೆಂಗಿನ ಗರಿ ಅಲ್ಲಾಡಿದರೂ ಬೊಗಳುತ್ತವೆ. ಕಳ್ಳ ಇಲ್ಲ, ಬೊಗಳು ನಿಜ. ಪೆಟ್ಟು ಬಿದ್ದ ನರ, ಅದರ ಸುದ್ದಿ ಕೇಳುವ ಮಿದುಳು ಎರಡೂ ಹೀಗೆ ಸೂಕ್ಷ್ಮವಾಗಿಬಿಡುತ್ತವೆ. ಮೂರು ತಿಂಗಳು ದಾಟಿದ ನೋವನ್ನು ಡಾಕ್ಟರುಗಳು ದೀರ್ಘಕಾಲದ ನೋವು ಅನ್ನುತ್ತಾರೆ. 2022ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಜಾಗ ಇದೆ. ನಿಮ್ಮದು ನಾಟಕ ಅಲ್ಲ.

‘ಮದುವೆ ಮನೇಲಿ ನಕ್ಕೊಂಡು ಓಡಾಡಿದಳಲ್ಲ, ಆಗೆಲ್ಲಿತ್ತು ನೋವು?’ ಅಂದರಂತೆ. ನಕ್ಕಿದ್ದನ್ನು ಎಲ್ಲರೂ ನೋಡಿದರು. ಮಾರನೆಯ ಎರಡು ದಿನ ನೀವು ಗೋಡೆ ಹಿಡಿದು ಬಚ್ಚಲಿಗೆ ಹೋದದ್ದನ್ನು ನೋಡಿದ್ದು ನಿಮ್ಮ ಮಗ ಒಬ್ಬನೇ. ಇದರಲ್ಲಿ ನಿಮ್ಮದೂ ಒಂದು ತಪ್ಪಿದೆ, ಬೇಜಾರು ಮಾಡಿಕೊಳ್ಳಬೇಡಿ. ನೋವು ಕಡಿಮೆ ಇರುವ ದಿನ ಮೂರು ದಿನದ ಕೆಲಸ ಎಳೆದು ಹಾಕಿಕೊಳ್ಳುತ್ತೀರಿ. ‘ನಾನು ಸೋಮಾರಿ ಅಲ್ಲ’ ಅಂತ ತೋರಿಸುವುದಕ್ಕೆ. ಆಮೇಲೆ ಮಲಗುತ್ತೀರಿ, ಆಗ ಮಾತ್ರೆ ಜಾಸ್ತಿ ಬೇಕಾಗುತ್ತದೆ. ಒಳ್ಳೆಯ ದಿನವೂ ಅರ್ಧ ಗಂಟೆ ಹೊಲಿದು ಐದು ನಿಮಿಷ ಎದ್ದು ನಡೆಯಿರಿ. ಕೆಟ್ಟ ದಿನವೂ ಪೂರ್ತಿ ಮಲಗಬೇಡಿ, ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ. ಮಿಷನ್ ಇನ್ನೂ ಕಾಲಲ್ಲಿ ತುಳಿಯುವುದಾದರೆ ಮೋಟಾರ್ ಹಾಕಿಸಿ. ಮಾತ್ರೆ ಒಂದರಿಂದಲೇ ಈ ನೋವು ಹತೋಟಿಗೆ ಬರುವುದಿಲ್ಲ. ಫಿಸಿಯೋಥೆರಪಿಯನ್ನು ಆರು ದಿನಕ್ಕೇ ಬಿಟ್ಟಿದ್ದೀರಿ, ಮತ್ತೆ ಹೋಗಿ.

ಡಾಕ್ಟರ್ ಹತ್ತಿರ ಈ ಸಲ ಒಬ್ಬರೇ ಹೋಗಬೇಡಿ. ಯಜಮಾನರನ್ನು ಕರೆದುಕೊಂಡು ಬೆಳಗಿನ ರೈಲಿಗೆ ಮೈಸೂರಿಗೆ ಹೋಗಿ. ಕೋಣೆಯ ಹೊರಗೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನಕ್ಕೆ, ಟ್ರಮಡಾಲ್ ಕಡಿಮೆ ಮಾಡಲು ಆಗುತ್ತದಾ, ಆಗುವುದಾದರೆ ಎಷ್ಟೆಷ್ಟು ವಾರಕ್ಕೆ ಎಷ್ಟೆಷ್ಟು ಅಂತ ಅವರೇ ಕೇಳಲಿ. ನೋವಿನ ಕ್ಲಿನಿಕ್‌ಗೆ ಕಳಿಸುತ್ತೀರಾ ಅಂತಲೂ ಕೇಳಿ. ಹೆಚ್ಚಾಗಿ ಅರಿವಳಿಕೆ ಡಾಕ್ಟರುಗಳೇ ನೋಡುವ ವಿಭಾಗ ಅದು, ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಹೋಗುವ ಮುಂಚೆ ಒಂದು ವಾರ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ತುಂಬಾ ನೋವು’ ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತು ಕೂತು ಹೊಲಿದೆ, ರಾತ್ರಿ ಎಷ್ಟು ಸಲ ಎದ್ದೆ, ಎಷ್ಟು ಗಂಟೆಗೆ ಯಾವ ಮಾತ್ರೆ. ಅತ್ತೆ ಕೊಟ್ಟದ್ದನ್ನೂ ಬರೆಯಿರಿ.

ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಯಾರಾದರೂ ಕೇಳಿದರೆ ‘ಬಿದ್ದು ಸೊಂಟದ ನರಕ್ಕೆ ಪೆಟ್ಟಾಗಿತ್ತು, ಅದಕ್ಕೆ ಮಾತ್ರೆ’ ಅನ್ನಿ. ಅಷ್ಟೇ. ಆಮೇಲೆ ‘ಊಟ ಆಯ್ತಾ?’ ಅಂತ ಕೇಳಿ. ನಮ್ಮ ಕಡೆ ಈ ಪ್ರಶ್ನೆ ಬಂದ ಮೇಲೆ ಹಳೇ ಮಾತು ಮುಂದುವರಿಯುವುದಿಲ್ಲ.

‘ಇದ್ದೂ ಏನು ಪ್ರಯೋಜನ’ ಅನ್ನುವ ಸಾಲನ್ನು ಓದಿ ನಾನು ಕಾಗದ ಕೆಳಗಿಟ್ಟೆ. ವರ್ಷಗಟ್ಟಲೆ ನೋವು, ಮೇಲೆ ಅವಮಾನ, ನಿದ್ದೆ ಬೇರೆ ಇಲ್ಲ. ಈ ಮೂರೂ ಸೇರಿದವರಿಗೆ ಈ ಯೋಚನೆ ಬರುವುದು ಅಪರೂಪ ಅಲ್ಲ. ಬಂದಾಗ ಒಬ್ಬರೇ ಇಟ್ಟುಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರಿಗೂ ಈ ಮಾತು ಹೇಳಿ. ಸಾಯಬೇಕು ಅನ್ನುವುದು ಜೋರಾಗಿ ಬಂದ ದಿನ ಫೋನಿಗೂ ಕಾಯಬೇಡಿ, ಯಾರನ್ನಾದರೂ ಕರೆದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಸಾಸಿವೆ ಡಬ್ಬಿ ಒಗ್ಗರಣೆ ಒಲೆಯ ಪಕ್ಕ, ಆರು ವರ್ಷದ ಮಗನ ಕೈಗೆ ಸಿಗುವ ಎತ್ತರದಲ್ಲಿ ಇದೆ ಅಲ್ವಾ? ಆ ಮಾತ್ರೆಗಳು ಮಗುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಇವತ್ತೇ ತೆಗೆಯಿರಿ. ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಕೀಲಿ ಎಲ್ಲಿದೆ ಅಂತ ಯಜಮಾನರಿಗೂ ಗೊತ್ತಿರಲಿ. ಒಂದು ವಾರದ ಮಾತ್ರೆಯನ್ನು ಭಾನುವಾರ ಇಬ್ಬರೂ ಕೂತು ಎಣಿಸಿ ತೆಗೆದಿಡಿ. ಕದ್ದು ಎಣಿಸುವವರೂ ಬೇಡ, ಕದ್ದು ನುಂಗುವವರೂ ಬೇಡ.

ಆಮೇಲೆ ಆ ನಿಶ್ಚಿತಾರ್ಥದ ಹನ್ನೊಂದು ಬ್ಲೌಸ್. ನಾದಿನಿಯದು, ಅತ್ತೆಯದು, ನಿಮ್ಮದು ಮೂರು ಇಟ್ಟುಕೊಂಡು ಉಳಿದ ಎಂಟನ್ನೂ ನಾಳೆ ಬೆಳಿಗ್ಗೆ ಬೇರೆ ಟೈಲರ್‌ಗೆ ಕೊಟ್ಟು ಬನ್ನಿ.