ಜರ್ನಲ್ ಒಪ್ಪುವ ಮೊದಲೇ ಪ್ರಿಪ್ರಿಂಟ್: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ನಾನು ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಪ್ರಬಂಧವನ್ನು ಜರ್ನಲ್‌ಗೆ ಕಳುಹಿಸಿ ತಿಂಗಳುಗಳಾದರೂ ಪರಿಶೀಲಕರ ಅಭಿಪ್ರಾಯ ಬಂದಿಲ್ಲ. ಅಷ್ಟರಲ್ಲಿ ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮೊದಲೇ ಎಲ್ಲರೂ ಓದುವಂತೆ ಜಾಲತಾಣದಲ್ಲಿ ಇಡುವ ಹಸ್ತಪ್ರತಿ) ಹಾಕೋಣವೆಂದರೆ, ಬೇರೆ ಲ್ಯಾಬ್‌ನವರು ವಿಚಾರವನ್ನು ಕದಿಯುತ್ತಾರೆ, ಜರ್ನಲ್ ಕೂಡ ತಿರಸ್ಕರಿಸುತ್ತದೆ ಎಂದು ನಮ್ಮ ಗೈಡ್ ಹಿಂಜರಿಯುತ್ತಾರೆ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ, ಬೆಂಗಳೂರು

ಉತ್ತರ: ಕಳವಿನ ಭಯ ಸಹಜವೇ ಆದರೂ, ನನ್ನ ಮಟ್ಟಿಗೆ ಅದು ತಿರುಗುಮುರುಗಾದ ಭಯ. ಹಸ್ತಪ್ರತಿ ಪರಿಶೀಲಕರ ಮೇಜಿನ ಮೇಲೆ ಗುಟ್ಟಾಗಿ ಬಿದ್ದಿರುವಷ್ಟು ಕಾಲ ಅದು ನಿಮ್ಮದೆನ್ನಲು ಹೊರಜಗತ್ತಿಗೆ ಪುರಾವೆಯಿರುವುದಿಲ್ಲ. ಪ್ರಿಪ್ರಿಂಟ್ ತಾಣಕ್ಕೆ ಏರಿದ ದಿನವೇ ಅದಕ್ಕೆ ದಿನಾಂಕವೂ ಎಲ್ಲರೂ ಉಲ್ಲೇಖಿಸಬಹುದಾದ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯೂ ದೊರೆಯುತ್ತವೆ. ಈ ಆತುರಕ್ಕೆ ನಮ್ಮ ಊರಿನಲ್ಲೇ ಹಳೆಯ ನಿದರ್ಶನವಿದೆ. 1928ರ ಫೆಬ್ರುವರಿ 28ರಂದು ಕೋಲ್ಕತ್ತದಲ್ಲಿ ಬೆಳಕಿನ ಹೊಸ ಚದುರುವಿಕೆಯನ್ನು ಖಚಿತಪಡಿಸಿಕೊಂಡ ಸಿ.ವಿ. ರಾಮನ್, ಮಾರ್ಚ್ 16ರಂದೇ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದನ್ನು ವಿವರಿಸಿದರು. ಆ ಉಪನ್ಯಾಸವನ್ನು ತಡಮಾಡದೆ ಅಚ್ಚು ಹಾಕಿಸಿ, ಪ್ರತಿಗಳನ್ನು ವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಅದೇ ಪರಿಣಾಮವನ್ನು ಕಂಡಿದ್ದರು, ಆದರೆ ಅವರ ಪ್ರಬಂಧ ಹೊರಬಂದದ್ದು ತಡವಾಗಿ. 1930ರ ನೊಬೆಲ್ ರಾಮನ್ ಅವರೊಬ್ಬರಿಗೇ ಸಂದಿತು.

ಭೌತವಿಜ್ಞಾನಿಗಳು 1991ರಿಂದಲೂ, ಅಂದರೆ ಪಾಲ್ ಗಿನ್ಸ್‌ಪಾರ್ಗ್ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಆರ್ಕೈವ್ ಎಂಬ ಪ್ರಿಪ್ರಿಂಟ್ ತಾಣ ಆರಂಭಿಸಿದಾಗಿನಿಂದಲೂ, ಹೀಗೆಯೇ ನಡೆದುಕೊಂಡು ಬಂದಿದ್ದಾರೆ. ನಿಮ್ಮ ಕ್ಷೇತ್ರದ ಅಂಥದೇ ತಾಣ ಬಯೋಆರ್ಕೈವ್ ಹುಟ್ಟಿದ್ದು 2013ರಲ್ಲಿ. ಜೀವವಿಜ್ಞಾನದ ಬಹುಪಾಲು ಜರ್ನಲ್‌ಗಳು ಈಗ ಪ್ರಿಪ್ರಿಂಟನ್ನು ಮುಂಚಿನ ಪ್ರಕಟಣೆಯೆಂದು ಎಣಿಸುವುದಿಲ್ಲ. ಆದರೂ ನೀವು ಪ್ರಬಂಧ ಕಳುಹಿಸಿರುವ ಜರ್ನಲ್‌ನ ನಿಯಮವನ್ನು ಓದಿ, ಅದನ್ನೇ ನಿಮ್ಮ ಗೈಡ್ ಅವರ ಮುಂದಿಡಿ. ಜರ್ನಲ್ ಒಪ್ಪಿದ ಮೇಲೆ ಬಯೋಆರ್ಕೈವ್ ಹಸ್ತಪ್ರತಿಯನ್ನು ಸ್ವೀಕರಿಸದಿರುವುದರಿಂದ ಹಾಕುವುದಾದರೆ ಈಗಲೇ ಹಾಕಬೇಕು.

ಗಟ್ಟಿಯಾಗಿ ಯೋಚಿಸಬೇಕಾದದ್ದು ಬೇರೆಡೆ ಇದೆ. ನಿಮ್ಮ ಕೆಲಸದಲ್ಲಿ ಪೇಟೆಂಟ್‌ಗೆ ಅರ್ಹವಾದದ್ದೇನಾದರೂ ಇದ್ದರೆ, ಒಮ್ಮೆ ಬಹಿರಂಗವಾದ ವಿಷಯ ಹೊಸದೆಂಬ ಹಕ್ಕನ್ನು ಕಳೆದುಕೊಳ್ಳಬಹುದು. ಆದ್ದರಿಂದ ಮೊದಲು ಪೇಟೆಂಟ್ ಕಚೇರಿಗೆ ತಾತ್ಕಾಲಿಕ ಅರ್ಜಿ ಸಲ್ಲಿಸಿ, ಆಮೇಲೆ ಪ್ರಿಪ್ರಿಂಟ್ ಹಾಕಿ. ಪೂರ್ಣ ವಿವರಣೆಯನ್ನು ಸಲ್ಲಿಸಲು ಆಗ 12 ತಿಂಗಳ ಅವಕಾಶವಿರುತ್ತದೆ. ಎರಡನೆಯದು, ಹಾಕಿದ್ದನ್ನು ಅಳಿಸಲಾಗದು. ತಿದ್ದಿದ ಆವೃತ್ತಿಗಳನ್ನು ಸೇರಿಸಬಹುದು, ಹಿಂತೆಗೆದುಕೊಂಡಿದ್ದೇವೆಂದು ಘೋಷಿಸಬಹುದು, ಆದರೆ ಮೊದಲ ಆವೃತ್ತಿ ನಿಮ್ಮೆಲ್ಲರ ಹೆಸರಿನೊಡನೆ ಅಲ್ಲಿಯೇ ಉಳಿಯುತ್ತದೆ. ಹೀಗಿರುವಾಗ ಗೈಡ್ ಸೇರಿದಂತೆ ಸಹಲೇಖಕರೆಲ್ಲರ ಒಪ್ಪಿಗೆಯಿಲ್ಲದೆ ಹಾಕುವ ಮಾತೇ ಇಲ್ಲ. ಪಿಎಚ್‌ಡಿ ನಿಯಮಕ್ಕೆ ಪ್ರಿಪ್ರಿಂಟ್ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯವೇ ಹೇಳಬೇಕು.

ಪ್ರಶ್ನೆ: ‘ತಜ್ಞರ ಪರಿಶೀಲನೆಗೆ ಇನ್ನೂ ಒಳಪಡದ ಅಧ್ಯಯನ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಂಥದ್ದನ್ನು ನಂಬುವುದೋ, ಬಿಡುವುದೋ?
– ನಿವೃತ್ತ ಶಿಕ್ಷಕರು, ಬಸವನಗುಡಿ, ಬೆಂಗಳೂರು

ಉತ್ತರ: ಮೇಷ್ಟ್ರೇ, 2020ರ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಜನವರಿಯ ಕೊನೆಯಲ್ಲಿ ದೆಹಲಿಯ ತಂಡವೊಂದು ಹೊಸ ಕೊರೊನಾ ವೈರಸ್‌ನ ಪ್ರೋಟೀನಿಗೂ ಎಚ್‌ಐವಿಗೂ ವಿಚಿತ್ರ ಹೋಲಿಕೆಯಿದೆ ಎಂದು ಬಯೋಆರ್ಕೈವ್‌ನಲ್ಲಿ ಬರೆಯಿತು. ಹೋಲಿಕೆ ಕಂಡ ಅಷ್ಟು ಚಿಕ್ಕ ಅಮೈನೋ ಆಮ್ಲ ಸರಣಿಗಳು ಇನ್ನೆಷ್ಟೋ ಜೀವಿಗಳಲ್ಲೂ ಸಿಗುತ್ತವೆ ಎಂದು ಇತರ ವಿಜ್ಞಾನಿಗಳು ಕೂಡಲೇ ತೋರಿಸಿದ್ದರಿಂದ ಕೆಲವೇ ದಿನಗಳಲ್ಲಿ ಲೇಖಕರು ಅದನ್ನು ಹಿಂತೆಗೆದುಕೊಂಡರು. ಆದರೆ ಆ ವೇಳೆಗೆ ಸುದ್ದಿ ಜಗತ್ತನ್ನೇ ಸುತ್ತಿಬಂದಿತ್ತು. ಅದೇ ವರ್ಷದ ಜೂನ್ 22ರಂದು ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದ ಪ್ರಿಪ್ರಿಂಟ್ ವೈದ್ಯಕೀಯ ಪ್ರಿಪ್ರಿಂಟ್ ತಾಣವಾದ ಮೆಡ್‌ಆರ್ಕೈವ್‌ಗೆ ಬಂತು. ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧ ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂಬ ಅದರ ವಿವರಗಳು ಜರ್ನಲ್‌ನಲ್ಲಿ ಬಂದದ್ದು ಜುಲೈ 17ರಂದು. ಆ ಮೂರೂವರೆ ವಾರಗಳ ಬೆಲೆ ಆಸ್ಪತ್ರೆಗಳಲ್ಲಿದ್ದವರಿಗೆ ಗೊತ್ತು.

ಎರಡೂ ಪರಿಶೀಲನೆಗೆ ಒಳಪಡದವೇ. ಆದರೆ ಒಂದು ಕೆಲವು ಸರಣಿಗಳನ್ನು ಹೋಲಿಸಿ ಕಟ್ಟಿದ ಊಹೆ, ಇನ್ನೊಂದು ಸಾವಿರಾರು ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗ. ಆದ್ದರಿಂದ ಸುದ್ದಿ ಓದುವಾಗ ಪರೀಕ್ಷಿಸಿದ್ದು ಎಷ್ಟು ಜನರನ್ನು, ಹೋಲಿಕೆಗೆ ಬೇರೆ ಗುಂಪಿತ್ತೇ, ಅಧ್ಯಯನದಲ್ಲಿಲ್ಲದ ತಜ್ಞರೊಬ್ಬರ ಮಾತನ್ನು ವರದಿಗಾರರು ಕೇಳಿದ್ದಾರೆಯೇ ಎಂದು ಹುಡುಕಿ. ಈ ಯಾವುದೂ ಇಲ್ಲದ ವರದಿಯನ್ನು ನೆಚ್ಚಿಕೊಂಡು ಔಷಧಿಯನ್ನಾಗಲಿ ಪಥ್ಯವನ್ನಾಗಲಿ ಬದಲಿಸಬೇಡಿ.