ಲಿಂಫೋಮಾ ಸಂಶೋಧನೆಗೆ ಅಮೆರಿಕಕ್ಕೆ ಹೊರಟಿರುವ ಚಿಂತಾಮಣಿಯ ವೈದ್ಯೆಗೆ

ನಿಮ್ಮ ಪತ್ರ ತಲುಪಿತು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಇದರ ಸಂಶೋಧನೆಗೆ ಬರುವವರು ಪ್ರಯೋಗಾಲಯವನ್ನು ಆರಿಸಿಕೊಳ್ಳಬೇಕೇ ಅಥವಾ ರೋಗಿಗಳಲ್ಲಿ ಚಿಕಿತ್ಸೆಗಳನ್ನು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳನ್ನೇ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಮುಂದೆ ಊರಿಗೆ ಮರಳಿದರೆ ಕಲಿತದ್ದು ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಮನೆ, ಚಳಿ, ಊಟದ ವಿಚಾರವನ್ನೂ ಕೇಳಿದ್ದೀರಿ. ಅವು ಹೇಗೋ ಹೊಂದಿಕೊಳ್ಳುತ್ತವೆ, ರಾಗಿಹಿಟ್ಟು ಇಲ್ಲಿಯೂ ಸಿಗುತ್ತದೆ. ಸಿಗದಿರುವುದು ಸೊಗಡಿನ ಅವರೆಕಾಯಿ. ಅದರ ಕಾಲಕ್ಕೆ ಸರಿಯಾಗಿ, ಡಿಸೆಂಬರ್‌ನಲ್ಲಿ, ಅಮೆರಿಕದ ರಕ್ತರೋಗ ತಜ್ಞರ ವಾರ್ಷಿಕ ಸಮ್ಮೇಳನ ನಡೆಯುವುದರಿಂದ ನಮ್ಮ ವೃತ್ತಿಯವರಿಗೆ ಆಗ ಊರಿಗೆ ಬರುವುದೂ ಕಷ್ಟ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಮತ್ತು ಇಲ್ಲಿನ ಆಸ್ಪತ್ರೆ ತರಬೇತಿಯಾದ ರೆಸಿಡೆನ್ಸಿ ಮುಗಿಸದವರಿಗೆ ಸಾಮಾನ್ಯವಾಗಿ ರೋಗಿಗಳಿಗೆ ಚಿಕಿತ್ಸೆ ನೀಡುವ ಅನುಮತಿ ಇರುವುದಿಲ್ಲ. ಅಂಥವರಿಗೆ ಪ್ರಯೋಗಾಲಯವೇ ದಾರಿ.

ಎರಡನೆಯದಕ್ಕೆ ನನ್ನ ಅನುಭವವನ್ನು ಹೇಳಬೇಕಾಗುತ್ತದೆ. ನಾನು ಬಂದಾಗ, 1997ರ ನವೆಂಬರ್‌ನಲ್ಲಿ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಲಿಂಫೋಮಾಗೆ ಇನ್ನೂ ಹೊಸ ಔಷಧ. ದೊಡ್ಡ ಬಿ ಜೀವಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಲಿಂಫೋಮಾ ಸೂಕ್ಷ್ಮದರ್ಶಕದಲ್ಲಿ ಒಂದೇ ರೋಗದಂತೆ ಕಂಡರೂ ಅದರೊಳಗೆ ಬೇರೆ ಬೇರೆ ರೋಗಗಳಿವೆ ಎಂಬುದನ್ನು 2000ದಲ್ಲಿ ಜೀನ್‌ಗಳ ಅಧ್ಯಯನ ತೋರಿಸಿತು; ರಿಟುಕ್ಸಿಮ್ಯಾಬನ್ನು ಚಾಪ್ ಎಂಬ ಹಳೆಯ ಕೀಮೋ ಚಿಕಿತ್ಸೆಗೆ ಸೇರಿಸಿದರೆ ವೃದ್ಧ ರೋಗಿಗಳೂ ಹೆಚ್ಚು ಕಾಲ ಬದುಕುತ್ತಾರೆಂಬುದನ್ನು 2002ರಲ್ಲಿ ಫ್ರಾನ್ಸಿನ ವೈದ್ಯರು ಮುಂದಾಗಿ ನಡೆಸಿದ ಟ್ರಯಲ್ ಸ್ಥಾಪಿಸಿತು. ಅಂಥ ಕಾಲದಲ್ಲಿ, ವಾರದ ಬಹುಪಾಲನ್ನು ಸಂಶೋಧನೆಗೆ ಬಿಟ್ಟುಕೊಡುತ್ತೇವೆಂದು ವಿಭಾಗದ ಹಿರಿಯರೊಬ್ಬರು ಹೇಳಿದ ಬಾಯಿಮಾತನ್ನು ನಂಬಿ ನಾನು ಕೆಲಸಕ್ಕೆ ಸೇರಿದೆ. ಹಿರಿಯರು ಆಡಿದ ಮಾತನ್ನು ಬರೆದುಕೊಡಿ ಎಂದು ಕೇಳುವುದು ನಮ್ಮ ಕಡೆ ಏನೆನ್ನಿಸುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಅವರು ಬೇರೆಡೆಗೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಆ ಮಾತಿನ ಹಂಗಿರಲಿಲ್ಲ. ಹೊರರೋಗಿ ವಿಭಾಗ ನನ್ನ ವಾರವನ್ನು ಸ್ವಲ್ಪಸ್ವಲ್ಪವಾಗಿ ನುಂಗಿತು. ನಾನು ಪರೀಕ್ಷಿಸಬೇಕೆಂದು ಶೈತ್ಯಾಗಾರದಲ್ಲಿ ಕೂಡಿಟ್ಟಿದ್ದ ಬಯಾಪ್ಸಿ ತುಣುಕುಗಳ ಮೇಲೆ ಕೊನೆಗೆ ಬೇರೆಯವರು ಕೆಲಸ ಮಾಡಿದರು. ರೋಗಿಗಳನ್ನು ನೋಡಿದ್ದಕ್ಕೆ ನನಗೆ ಬೇಸರವಿಲ್ಲ, ಹೆಮ್ಮೆಯೇ ಇದೆ. ಆದರೆ ಆ ತುಣುಕುಗಳಲ್ಲಿ ಉತ್ತರ ಹುಡುಕಬೇಕೆಂದಿದ್ದ ಸಂಶೋಧನೆಯ ಪ್ರಶ್ನೆ ಕೈತಪ್ಪಿದ್ದು ಈಗಲೂ ಕೊರೆಯುತ್ತದೆ.

ಆದ್ದರಿಂದ ಸಂಶೋಧನೆಗೆ ಎಷ್ಟು ಸಮಯ, ಎಷ್ಟು ವರ್ಷ, ಅದಕ್ಕೆ ಸಂಬಳ ಯಾರಿಂದ ಎಂಬುದನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಇಲ್ಲಿ ಯಾರೂ ಅದನ್ನು ಅಗೌರವವೆಂದು ತಿಳಿಯುವುದಿಲ್ಲ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಕೆ08, ಕೆ23 ಅನುದಾನಗಳು ಸಾಮಾನ್ಯವಾಗಿ ವೈದ್ಯರ ಸಮಯದ 75 ಪ್ರತಿಶತವನ್ನು ಸಂಶೋಧನೆಗೆ ಕಟ್ಟಿಡುತ್ತವೆ, ಆದರೆ ಅವು ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ಮಾತ್ರ. ಅದೇ ಸಂಸ್ಥೆಯ ಕೆ99 ಅನುದಾನಕ್ಕೆ ಆ ನಿರ್ಬಂಧವಿಲ್ಲ. ಜೆ-1 ಎಂಬ ವಿನಿಮಯ ವೀಸಾದಲ್ಲಿ ತರಬೇತಿ ಪಡೆದ ವೈದ್ಯರು 2 ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆದು, ಹೆಚ್ಚಿನವರು ಮಾಡುವಂತೆ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ 3 ವರ್ಷ ದುಡಿಯಬೇಕು. ಸಂಶೋಧನೆಯ ಎಳೆ ಕಡಿಯುವುದು ಹೆಚ್ಚಾಗಿ ಅಲ್ಲಿಯೇ. ವೀಸಾ ಯಾವುದೆಂಬುದನ್ನು ಪ್ರಯೋಗಾಲಯದ ಹೆಸರಿಗಿಂತ ಮೊದಲು ವಿಚಾರಿಸಿ.

ಮರಳುವ ವಿಚಾರದಲ್ಲಿ ನಿಮ್ಮ ಕಾಲ ನನ್ನದಕ್ಕಿಂತ ಒಳ್ಳೆಯದು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ರೂಪಿಸಿದ, ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ವಿರುದ್ಧ ಬಳಸುವ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದಕ್ಕಿಂತ ಹತ್ತಿರದ ಪ್ರಶ್ನೆಯೊಂದು ನಿಮ್ಮ ಹೊರರೋಗಿ ವಿಭಾಗದಲ್ಲಿಯೇ ಇದೆ. ಕತ್ತಿನಲ್ಲಿ ಗಂಟು ಕಂಡವರಿಗೆ ಕ್ಷಯವಿರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟು, ಇಳಿಯದಿದ್ದಾಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವುದನ್ನು ನೀವೂ ನೋಡಿರುತ್ತೀರಿ. ಸೂಜಿ ಪರೀಕ್ಷೆಯೊಂದರಿಂದ ಲಿಂಫೋಮಾದ ಬಗೆಯನ್ನು ನಿರ್ಣಯಿಸುವುದು ಕಷ್ಟ, ಗಂಟನ್ನೇ ತೆಗೆದು ನೋಡಬೇಕು ಎಂಬುದು ನಮಗೆ ಗೊತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಯಾರ ಗಂಟನ್ನು ಯಾವಾಗ ತೆಗೆಯಬೇಕೆಂಬುದನ್ನು ಅಲ್ಲಿಯ ರೋಗಿಗಳ ನಡುವೆಯೇ ಕಂಡುಕೊಳ್ಳಬೇಕು. ಬರುವ ಮೊದಲು ರೋಗಶಾಸ್ತ್ರ ವಿಭಾಗದಲ್ಲಿ ಕೆಲವು ವಾರ ಸ್ಲೈಡುಗಳನ್ನು ನೋಡಿ.

ನೇಮಕಾತಿ ಪತ್ರದ ಕರಡು ಬಂದರೆ ಸಹಿ ಮಾಡದೆ ನನಗೆ ಕಳಿಸಿ, ಓದಿ ಅಭಿಪ್ರಾಯ ಬರೆಯುತ್ತೇನೆ. ಸಮ್ಮೇಳನದ ದಿನಗಳಲ್ಲಿ ಮಾತ್ರ ಉತ್ತರ ತಡವಾದೀತು.